ಕೀಲಿ ಒತ್ತಿದರೆ ಸಾಲದು, ಲೆಕ್ಕ ಕಾಯಬೇಕು

ಪ್ಲಸ್ ಟು ಫಲಿತಾಂಶ ಬಂದೊಡನೆ ನಮ್ಮ ಗಡಿನಾಡಿನ ಪೇಟೆಗಳಲ್ಲಿ ಕಂಪ್ಯೂಟರ್ ತರಬೇತಿಯ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಮೂರು ತಿಂಗಳ ಕೋರ್ಸು, ಆರು ತಿಂಗಳ ಡಿಪ್ಲೊಮಾ, ಕೊನೆಗೊಂದು ಸರ್ಟಿಫಿಕೇಟು. ಸಾಲ ಮಾಡಿಯಾದರೂ ಫೀಸು ಕಟ್ಟುವ ತಂದೆತಾಯಿಯರಿದ್ದಾರೆ. ಮಗನಿಗೋ ಮಗಳಿಗೋ ಊರಿನ ಅಡಿಕೆ ಮಂಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ, ಸಹಕಾರಿ ಸಂಘದಲ್ಲಿ ಒಂದು ಕೆಲಸ ಸಿಕ್ಕಿದರೆ ಮನೆಗೆ ನೆಮ್ಮದಿ.

ಆದರೆ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಎರಡೂ ಕಡೆಯಿಂದ ದೂರು ಕೇಳಿಬರುತ್ತದೆ. "ಸರ್ಟಿಫಿಕೇಟು ಇದೆ, ಕೆಲಸ ಬರುವುದಿಲ್ಲ" ಎನ್ನುತ್ತಾರೆ ಅಂಗಡಿಯ ಯಜಮಾನರು. "ಬಿಲ್ಲು ಹೊಡೆಯುವುದು ಬಿಟ್ಟರೆ ಬೇರೇನೂ ಕೊಡುವುದಿಲ್ಲ, ಸಂಬಳವೂ ಏರುವುದಿಲ್ಲ" ಎನ್ನುತ್ತಾರೆ ಮಕ್ಕಳು. ಇಬ್ಬರ ಮಾತಿನಲ್ಲೂ ಸತ್ಯವಿದೆ. ತರಬೇತಿಯಲ್ಲಿ ಕಲಿಸಿದ್ದು ಕೀಲಿಗಳನ್ನು. ಅಂಗಡಿಗೆ ಬೇಕಾದದ್ದು ಲೆಕ್ಕವನ್ನು ಕಾಯುವ ಮನುಷ್ಯ. ಈ ಅಂತರವನ್ನು ತುಂಬುವುದು ಹೇಗೆಂದು ನಾವು ಸ್ವಲ್ಪ ಯೋಚಿಸೋಣ.

ಕೆಲಸ ಬಲ್ಲವರಿಗೆ ಯಂತ್ರ

ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರ್ ಬಳಸಲು ಮೊದಲು ಹೊರಟ ಸಂಸ್ಥೆಗಳಲ್ಲಿ ಲಂಡನ್ನಿನ ಲಯನ್ಸ್ ಎಂಬ ಕಂಪನಿ ಮುಖ್ಯವಾದುದು. ಅದು ಕಾರ್ಖಾನೆಯಲ್ಲ, ಚಹಾದಂಗಡಿಗಳನ್ನೂ ಬೇಕರಿಗಳನ್ನೂ ನಡೆಸುತ್ತಿದ್ದ ಕಂಪನಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಯಂತ್ರವೊಂದನ್ನು ಮಾದರಿಯಾಗಿಟ್ಟುಕೊಂಡು 'ಲಿಯೋ' ಎಂಬ ಕಂಪ್ಯೂಟರನ್ನು ತಾನೇ ಕಟ್ಟಿಸಿ, 1951ರಲ್ಲಿ ಬೇಕರಿಯ ವಾರದ ಲೆಕ್ಕವನ್ನು ಅದರಲ್ಲಿ ಮಾಡತೊಡಗಿತು. ಆ ಕೆಲಸಕ್ಕೆ ಹೊರಗಿನ ವಿಜ್ಞಾನಿಗಳನ್ನೇ ನೆಚ್ಚಿಕೊಳ್ಳದೆ, ತನ್ನ ಕಚೇರಿಯ ಸಿಬ್ಬಂದಿಗೆ ತರಗತಿ ನಡೆಸಿ, ಅವರಲ್ಲೇ ಯೋಗ್ಯರನ್ನು ಆರಿಸಿತು. ಐಸ್‌ಕ್ರೀಂ ಮಾರಾಟದ ಕಚೇರಿಯಲ್ಲಿ ಕೆಲಸ ಮಾಡಿದ್ದ ಮೇರಿ ಕೂಂಬ್ಸ್ ಎಂಬ ಯುವತಿ ಹೀಗೆಯೇ ಆಯ್ಕೆಯಾಗಿ, ವ್ಯಾಪಾರಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಮೊದಲ ಮಹಿಳೆಯೆಂದು ಹೆಸರಾದರು.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಕೆಲಸ ಬಲ್ಲವರಿಗೆ ಯಂತ್ರ ಕಲಿಸುವುದು ಸುಲಭ. ಯಂತ್ರ ಮಾತ್ರ ಬಲ್ಲವರಿಗೆ ಕೆಲಸ ಕಲಿಸುವುದು ಕಷ್ಟ.

ಬೆಂಗಳೂರಿನ ತಂದೆ ಮತ್ತು ಮಗ

ನಮ್ಮ ಪೇಟೆಯ ಅನೇಕ ಅಂಗಡಿಗಳಲ್ಲಿರುವ 'ಟ್ಯಾಲಿ' ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. ಶ್ಯಾಮ್ ಸುಂದರ್ ಗೋಯೆಂಕಾ ಬೆಂಗಳೂರಿನಲ್ಲಿದ್ದ ವ್ಯಾಪಾರಿ. ಬಟ್ಟೆ ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರಭಾಗಗಳನ್ನು ಒದಗಿಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗದಿದ್ದಾಗ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ನೀನೇ ಒಂದನ್ನು ಬರೆ ಎಂದರು. 1986ರಲ್ಲಿ ಹೀಗೆ ಕಂಪನಿ ಆರಂಭವಾಯಿತು. ಖಾತೆಗಳಿಗೆ ಸಂಕೇತ ಸಂಖ್ಯೆ ಕೊಡುವ ರಗಳೆ ಇಲ್ಲದೆ, ಹೆಸರಿನಿಂದಲೇ ಖಾತೆ ತೆರೆಯುವ ಅನುಕೂಲ ಅದರಲ್ಲಿತ್ತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಲೆಕ್ಕ ಬಲ್ಲ ತಂದೆ ಕೇಳಿದ್ದರಿಂದ ಮಗ ಬರೆದ ಸಾಧನವಿದು. ಅದನ್ನು ಕಲಿಸುವ ಕೆಲವು ತರಗತಿಗಳಲ್ಲಿ ಮಾತ್ರ ಲೆಕ್ಕವೇ ಹಿಂದೆ ಬಿದ್ದಿದೆ. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ ಎಂದು ಮಕ್ಕಳು ಬಾಯಿಪಾಠ ಹೇಳುತ್ತಾರೆ. ಯಾವ ಖಾತೆಗೆ ಜಮೆ, ಯಾವುದಕ್ಕೆ ಖರ್ಚು, ಏಕೆ ಎಂದು ಕೇಳಿದರೆ ಮೌನ.

ಗಡಿಯವರಿಗೆ ಮೊದಲ ಎರಡು ಅಂಕಿ

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ನಮ್ಮಂಥ ಗಡಿಯೂರುಗಳಲ್ಲಿ ಈ ತಿಳಿವಳಿಕೆ ಇನ್ನಷ್ಟು ಅಗತ್ಯವಾಗಿದೆ. ಪ್ರತಿಯೊಬ್ಬ ನೋಂದಾಯಿತ ವ್ಯಾಪಾರಿಗೂ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಅದರ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ: ಕೇರಳಕ್ಕೆ 32, ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಮಹಾರಾಷ್ಟ್ರಕ್ಕೆ 27, ಗೋವೆಗೆ 30, ತೆಲಂಗಾಣಕ್ಕೆ 36, ಆಂಧ್ರಕ್ಕೆ 37.

ಮಂಜೇಶ್ವರದ ವ್ಯಾಪಾರಿಯೊಬ್ಬರು ಒಂದು ಲಕ್ಷ ರೂಪಾಯಿಯ ಒಣ ಅಡಿಕೆಯನ್ನು ಕಾಸರಗೋಡಿನ ವ್ಯಾಪಾರಿಗೆ ಕಳುಹಿಸಿದರು ಎನ್ನೋಣ. ತೆರಿಗೆ ಶೇ. 5. ಅದರಲ್ಲಿ ರೂ. 2,500 ಕೇಂದ್ರದ ಪಾಲು, ರೂ. 2,500 ಕೇರಳದ ಪಾಲು. ಅದೇ ಮಾಲು ತಲಪಾಡಿ ದಾಟಿ ಮಂಗಳೂರಿನ ವ್ಯಾಪಾರಿಗೆ ಹೋದರೆ, ಐಜಿಎಸ್‌ಟಿ ಎಂಬ ಒಂದೇ ಹೆಸರಿನಲ್ಲಿ ರೂ. 5,000. ಮೌಲ್ಯ ರೂ. 50,000 ಮೀರಿರುವುದರಿಂದ, ಗಡಿ ದಾಟುವ ಆ ಲಾರಿಗೆ ಇ-ವೇ ಬಿಲ್ಲೂ ಬೇಕು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎರಡು ಬಿಲ್ಲುಗಳ ಮೊತ್ತವೂ ಒಂದೇ! ಮಂಗಳೂರಿನವರ ಖಾತೆ ತೆರೆಯುವಾಗ ರಾಜ್ಯದ ಜಾಗದಲ್ಲಿ ಕೇರಳ ಎಂದು ನಮೂದಿಸಿದರೆ ಬಿಲ್ಲಿನ ಮೊತ್ತ ಬದಲಾಗದು, ಗಲ್ಲಾಪೆಟ್ಟಿಗೆಯ ಹಣ ಬದಲಾಗದು, ತಾಳೆಪಟ್ಟಿಯೂ ಸರಿಯಾಗಿಯೇ ತೋರುತ್ತದೆ. ಆದರೆ ತೆರಿಗೆ ಹೋದದ್ದು ತಪ್ಪು ಲೆಕ್ಕಕ್ಕೆ. ಮಂಗಳೂರಿನ ವ್ಯಾಪಾರಿಗೆ ಸಿಗಬೇಕಾದ ತೆರಿಗೆ ಜಮೆಗೆ ತೊಡಕು. ಇಲ್ಲಿನವರು ಸರಿಯಾದ ಹೆಸರಿನಲ್ಲಿ ಮತ್ತೆ ಕಟ್ಟಿ, ಮೊದಲು ಕಟ್ಟಿದ್ದನ್ನು ಹಿಂದೆ ಪಡೆಯಲು ಅರ್ಜಿ ಹಾಕಬೇಕು. ಖಾತೆ ತೆರೆದ ದಿನ ಎರಡು ಅಂಕಿ ನೋಡಿದ್ದರೆ ಇಷ್ಟೆಲ್ಲ ಇರಲಿಲ್ಲ. ನೋಡುವವನೇ ಆಪರೇಟರ್, ನೋಡದವನು ಬರೀ ಟೈಪಿಸ್ಟ್.

ದಿನದ ಕೊನೆಯ ಅರ್ಧ ಗಂಟೆ

ಒಳ್ಳೆಯ ಆಪರೇಟರನ್ನು ಗುರುತಿಸಬೇಕಾದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನೋಡಬೇಕು. ಗಲ್ಲಾಪೆಟ್ಟಿಗೆಯ ನಗದನ್ನು ಎಣಿಸಿ ಕಂಪ್ಯೂಟರಿನ ನಗದು ಖಾತೆಯೊಂದಿಗೆ ಹೋಲಿಸುತ್ತಾರೆ. ವ್ಯತ್ಯಾಸವಿದ್ದರೆ ಅಂದೇ ಹುಡುಕುತ್ತಾರೆ. ಮಾರ್ಚ್ ಕೊನೆಗೆ ತಳ್ಳುವುದಿಲ್ಲ. ಬ್ಯಾಂಕಿನ ಲೆಕ್ಕವನ್ನು ವಾರಕ್ಕೊಮ್ಮೆಯಾದರೂ ತಾಳೆ ನೋಡುತ್ತಾರೆ. ಕೊನೆಯದಾಗಿ ಬ್ಯಾಕಪ್ ತೆಗೆಯುತ್ತಾರೆ.

ಬ್ಯಾಕಪ್ ಎಂದರೆ ಅದೇ ಕಂಪ್ಯೂಟರಿನ ಇನ್ನೊಂದು ಫೋಲ್ಡರಿಗೆ ನಕಲು ಮಾಡುವುದಲ್ಲ. ಮಳೆಗಾಲದ ಸಿಡಿಲು ಒಂದೇ ಏಟಿಗೆ ಎರಡನ್ನೂ ಒಯ್ಯಬಲ್ಲದು. ಲೆಕ್ಕದ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಅಂಗಡಿಯಿಂದ ಹೊರಗಿರಲಿ ಎಂಬುದು ಬಲ್ಲವರ ನಿಯಮ. ಇದಕ್ಕೆ ನಾವು ಇನ್ನೊಂದನ್ನು ಸೇರಿಸುತ್ತೇವೆ: ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು, ಅಂದರೆ ಆರು ವರ್ಷ, ಕಾದಿರಿಸಬೇಕು. ಇಂದಿನ ಯಂತ್ರ ಅಷ್ಟು ಕಾಲ ಬಾಳುತ್ತದೆಂಬ ಭರವಸೆ ಯಾರಿಗಿದೆ?

ಯಜಮಾನರಿಗೂ ಒಂದು ಮಾತು

ತಪ್ಪೆಲ್ಲ ಮಕ್ಕಳದಲ್ಲ. ಎಷ್ಟೋ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದೂ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ನಾಳೆ ಒಂದು ನಮೂದು ಅಳಿಸಿಹೋದರೆ ಕೈ ತೋರಿಸುವುದು ಸಂಬಳ ಕಡಿಮೆ ಇರುವ ಹುಡುಗಿಯ ಕಡೆಗೆ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಕೊಟ್ಟರೆ ಪ್ರಾಮಾಣಿಕರಿಗೆ ಅದೇ ರಕ್ಷಣೆ. ಯಾರು, ಯಾವಾಗ, ಏನು ತಿದ್ದಿದರು ಎಂದು ದಾಖಲಿಸುವ ಸಾಫ್ಟ್‌ವೇರನ್ನೇ ಬಳಸಬೇಕೆಂದು ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಾನೂನೇ ಇದೆ. ಸಣ್ಣ ಅಂಗಡಿಗೆ ಆ ನಿಯಮ ಅನ್ವಯಿಸದಿದ್ದರೂ ಆ ಪದ್ಧತಿ ಒಳ್ಳೆಯದೇ.

ಟ್ಯಾಲಿಯಲ್ಲಿ 'ಟ್ಯಾಲಿವಾಲ್ಟ್' ಎಂಬ ಬೀಗವಿದೆ. ಅದರ ಪಾಸ್‌ವರ್ಡ್ ಮರೆತರೆ ಲೆಕ್ಕವನ್ನು ಮತ್ತೆ ತೆರೆಯಲಾಗದು. ಅದು ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಮುಚ್ಚಿದ ಲಕೋಟೆಯಲ್ಲಿ ಯಜಮಾನರ ಕಪಾಟಿನಲ್ಲೂ ಇರಲಿ. ಹಾಗೆಯೇ ಕೆಲಸ ಬಲ್ಲವರು ಇಬ್ಬರಿರಲಿ. ಒಬ್ಬಳೇ ಬಲ್ಲಳೆಂದಾದರೆ ಅವಳಿಗೆ ಜ್ವರ ಬಂದರೂ ರಜೆಯಿಲ್ಲ.

ಫೀಸು ಕಟ್ಟುವ ಮೊದಲು ಕೇಳಿ

ಮಕ್ಕಳನ್ನು ಸೇರಿಸುವಾಗ ತಂದೆತಾಯಿಯರು ತರಬೇತಿ ಕೇಂದ್ರದವರಲ್ಲಿ ಈ ಪ್ರಶ್ನೆಗಳನ್ನು ಕೇಳಬಹುದು:

1. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಜಮಾ-ಖರ್ಚು ಬರೆಸುತ್ತೀರಾ?
2. ಒಂದು ಅಂಗಡಿಯ ಇಡೀ ತಿಂಗಳ ಲೆಕ್ಕವನ್ನು ವಿದ್ಯಾರ್ಥಿಯೇ ಬರೆದು ಮುಗಿಸುತ್ತಾನೆಯೇ?
3. ಎರಡು ರಾಜ್ಯಗಳ ನಡುವಿನ ಬಿಲ್ಲುಗಳನ್ನು ಮಾಡಿಸುತ್ತೀರಾ?
4. ಬ್ಯಾಕಪ್ ತೆಗೆಯುವುದರ ಜೊತೆಗೆ, ಅಳಿಸಿಹೋದ ಲೆಕ್ಕವನ್ನು ಅದರಿಂದ ಮರಳಿ ತರುವುದನ್ನೂ ಕಲಿಸುತ್ತೀರಾ?
5. ಬೇಕೆಂದೇ ತಪ್ಪು ತುಂಬಿದ ಲೆಕ್ಕ ಕೊಟ್ಟು, ಹುಡುಕಿ ಎನ್ನುತ್ತೀರಾ?

ಐದಕ್ಕೂ ಹೌದು ಎಂಬ ಉತ್ತರ ಬಂದರೆ ಫೀಸು ಸ್ವಲ್ಪ ಹೆಚ್ಚಾದರೂ ಚಿಂತಿಸಬೇಡಿ. ಬರೀ ಸರ್ಟಿಫಿಕೇಟಿನ ಮಾತಾದರೆ ಇನ್ನೊಂದು ಕಡೆ ವಿಚಾರಿಸಿ.

ಹಿಂದೆ ನಮ್ಮ ಊರುಗಳಲ್ಲಿ ಗುಮಾಸ್ತನೆಂದರೆ ಗೌರವವಿತ್ತು. ಧಣಿಗಳ ಪೆಟ್ಟಿಗೆಯ ಕೀಲಿಯೂ ಪುಸ್ತಕವೂ ಅವನ ವಶದಲ್ಲಿರುತ್ತಿದ್ದವು. ಪುಸ್ತಕ ಹೋಗಿ ಕಂಪ್ಯೂಟರ್ ಬಂದಿದೆ. ನಂಬಿಕೆಯ ಅಗತ್ಯ ಹೋಗಿಲ್ಲ. ಆ ನಂಬಿಕೆಗೆ ತಕ್ಕ ತರಬೇತಿಯನ್ನು ನಮ್ಮ ಮಕ್ಕಳಿಗೆ ಕೊಡಿಸೋಣ. ತರಬೇತಾಗಿ ಬಂದವರಿಗೆ ಅದಕ್ಕೆ ತಕ್ಕ ಸಂಬಳವನ್ನೂ ಕೊಡೋಣ.