ಕಡಲಿಲ್ಲದ ಊರಿನಲ್ಲಿ ಹವಳದ ಕಲ್ಲು

ಕೌತಾಳಂ ಸುತ್ತ ಕಲ್ಲಿಗೇನೂ ಬರವಿಲ್ಲ. ಆದೋನಿಯತ್ತ ಹೊರಟರೆ ಕಾಣುವ ಗುಂಡುಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆದರೂ ಮನೆಯಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಡುವವರಿಗೆ ಆ ಕಲ್ಲು ಅಷ್ಟಾಗಿ ಒದಗದು. ಅದರಲ್ಲಿ ರಂಧ್ರಗಳಿಲ್ಲ.

ರಂಧ್ರವೇ ಇಲ್ಲಿ ಮುಖ್ಯ. ಮೀನಿನ ಮಲಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ. ತುಸು ಹೆಚ್ಚಾದರೂ ಮೀನು ಸಾಯುತ್ತದೆ. ಕಲ್ಲಿನ ಮೈಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಆಮ್ಲಜನಕ ತಲುಪದ ಒಳಪೊಟರೆಗಳಲ್ಲಿ ಮತ್ತೊಂದು ಬಗೆಯವು ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಬೇತಂಚೆರ್ಲದ ಚಪ್ಪಡಿಯೂ ಹವಳದಂತೆ ಸುಣ್ಣದ ಕಲ್ಲೇ, ನಿಂಬೆರಸ ಬಿದ್ದರೆ ನೊರೆಯೇಳುತ್ತದೆ. ಅದಕ್ಕೂ ಇಷ್ಟು ಪೊಟರೆಗಳಿಲ್ಲ.

ಹೀಗೆ ಬ್ಯಾಕ್ಟೀರಿಯಾ ನೆಲೆಸಿದ ‘ಜೀವಂತ ಕಲ್ಲಿನ’ ಈ ಶಕ್ತಿಯನ್ನು 1961ರಲ್ಲೇ ಬರೆದು ತಿಳಿಸಿದವರು ಇಂಡೊನೇಷ್ಯದ ಲೀ ಚಿನ್ ಎಂಗ್. ಅವರ ಕೈಗೆಟಕುವಂತೆ ಕಡಲಿತ್ತು. ಕೌತಾಳಂನಿಂದ ಯಾವ ಕರಾವಳಿಗೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಹೋದರೂ ನೇತ್ರಾಣಿ ದ್ವೀಪದಂಥ ಕಡೆಯಿಂದ ಹವಳ ತರುವಂತಿಲ್ಲ: ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅದು ಸರಿಯಾದ ಕಾನೂನೆಂದೇ ನನ್ನ ನಂಬಿಕೆ. ಅಕ್ವೇರಿಯಂಗೆಂದೇ ಕೃತಕವಾಗಿ ತಯಾರಿಸಿದ, ರಂಧ್ರಗಳುಳ್ಳ ಒಣ ಕಲ್ಲನ್ನೇ ಕೊಂಡು ಹದ ಮಾಡಿದರೆ ಸಾಕು.

ಮೊದಲು ಉಜ್ಜಿ ತೊಳೆದು ದೂಳು ತೆಗೆಯಬೇಕು. ಹಿಂದೆ ಬೇರೆ ತೊಟ್ಟಿಯಲ್ಲಿದ್ದ ಕಲ್ಲಾದರೆ ಸತ್ತ ಜೀವಿಗಳ ಅವಶೇಷ ಒಳಗೇ ಕೊಳೆತು ಫಾಸ್ಫೇಟ್ ಬಿಡುತ್ತದೆ, ಪಾಚಿ ಮುತ್ತುತ್ತದೆ. ಅಂಥದ್ದನ್ನು ಬ್ಲೀಚ್ ಬೆರೆಸಿದ ನೀರಲ್ಲಿ ನೆನೆಸಿ, ಮತ್ತೆ ಮತ್ತೆ ಜಾಲಿಸಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಬೇಕು. ಈ ಸೀಮೆಯಲ್ಲಿ ಬಿಸಿಲಿಗಂತೂ ಕೊರತೆಯಿಲ್ಲ.

ಕಲ್ಲು ಮುಳುಗಿಸಿಡಲು ಬೋರ್‌ವೆಲ್ ನೀರು ಬೇಡ, ಆರ್‌ಓ ನೀರೇ ಆಗಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣವಾಗುವಂತೆ ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿ. ಅಡುಗೆ ಉಪ್ಪಿನಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ನೀರು 25–26 ಡಿಗ್ರಿಯಲ್ಲಿ ಸದಾ ಹರಿದಾಡುತ್ತಿರಲಿ. ದೀಪ ಹಾಕಬೇಡಿ, ಬೆಳಕು ಪಾಚಿಯನ್ನೇ ಬೆಳೆಸುತ್ತದೆ.

ಇನ್ನು ಬಿತ್ತನೆ. ಬ್ಯಾಕ್ಟೀರಿಯಾಕ್ಕೆ ಹಳೆಯ ಆರೋಗ್ಯವಂತ ತೊಟ್ಟಿಯ ಕಲ್ಲಿನ ಚೂರು, ಅವುಗಳ ಮೇವಿಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ಅಮೋನಿಯಾ ಆಗುವಂತೆ ಅಮೋನಿಯಂ ಕ್ಲೋರೈಡ್. ಕಲಾಯಿಯವರ ನವಸಾಗರವೂ ಅಮೋನಿಯಂ ಕ್ಲೋರೈಡೇ, ಆದರೆ ತೊಟ್ಟಿಗೆ ಪ್ರಯೋಗಾಲಯದ ಶುದ್ಧ ಸರಕು ಬೇಕು. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಕರಗುತ್ತದೆ. ನಾಲ್ಕರಿಂದ ಆರು ವಾರ ಹಿಡಿಯಬಹುದು. ಹಾಕಿದ ಅಮೋನಿಯಾ 24 ಗಂಟೆಯೊಳಗೆ ನೈಟ್ರೈಟನ್ನೂ ಉಳಿಸದೆ ಮಾಯವಾದರೆ ಕಲ್ಲು ಸಿದ್ಧ. ಆಗ ಹೆಚ್ಚಿನ ನೀರು ಬದಲಿಸಿ ಒಂದೆರಡು ಬಸವನಹುಳು ಬಿಡಿ, ಆಮೇಲೆ ಮೀನು. ಹವಳದ ಸರದಿ ಎಲ್ಲಕ್ಕಿಂತ ಕೊನೆಗೆ.