ಮಂಚ ಏರಿಸಿದರೆ ಲಾಭ ಯಾರ ಖಾತೆಗೆ?

ಡೊಂಬಿವಲಿ, ಕಲ್ಯಾಣ, ಠಾಣೆ ಕಡೆ ಕೋಣೆ ಹುಡುಕಿದ ಗೆಳೆಯರಿಗೆಲ್ಲ ‘ಕಾಟ್ ಬೇಸಿಸ್’ ಎಂಬ ಮಾತು ಗೊತ್ತು. ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಆದ್ದರಿಂದ ಮಂಚದ ಲೆಕ್ಕವನ್ನೇ ಮೊದಲು ನೋಡೋಣ. 6 ಅಡಿ ಉದ್ದ, 3 ಅಡಿ ಅಗಲ ಅಂದರೆ 18 ಚದರಡಿ. 10 ಅಡಿಗೆ 10 ಅಡಿಯ ಕೋಣೆಯಲ್ಲಿ ಇಂಥ ಮೂರು ಹಾಕಿದರೆ 54 ಚದರಡಿ ಹೋಯಿತು. ಉಳಿದ 46ರಲ್ಲೇ ಊಟ, ಓದು, ಓಡಾಟ, ಒಣಹಾಕಿದ ಬಟ್ಟೆ. ಮಂಚದ ಕೆಳಗಿನದು ಮಾತ್ರ ಡೆಡ್ ಸ್ಟಾಕು: ಚಪ್ಪಲಿ ಮತ್ತು ಧೂಳು.

ಇಲ್ಲಿನ ಹಳೇ ಚಾಳುಗಳವರು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದ್ದಾರೆ. ಅದೇ ಪೋಟಮಾಳಾ. ಮರಾಠಿಯಲ್ಲಿ ಪೋಟ ಅಂದರೆ ಹೊಟ್ಟೆ. ಕೋಣೆಯ ಹೊಟ್ಟೆಯೊಳಗಿನ ಮಾಳಿಗೆ ಅನ್ನಿ. ನಮ್ಮೂರ ಅಟ್ಟದ ತಮ್ಮನೇ. ಆದರೆ ಅಟ್ಟದಲ್ಲಿ ತೆಂಗಿನಕಾಯಿ, ಹಳೇ ಪಾತ್ರೆ ಮಲಗಿದರೆ ಇಲ್ಲಿ ಮನುಷ್ಯರೇ ಮಲಗುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲಾಫ್ಟ್ ಎಂದರೆ ಹೆಚ್ಚೆಂದರೆ ಒಂದೂವರೆ ಮೀಟರ್ ಎತ್ತರದ, ಸಾಮಾನಿಡುವ ಜಾಗ. ಕಾಗದದ ಪ್ರಕಾರ ಅಲ್ಲಿ ಮಲಗಿದವನೂ ಸಾಮಾನೇ! ಆದರೂ ಅದನ್ನು ಹಗುರವಾಗಿ ಕಾಣುವಂತಿಲ್ಲ. 2005ರ ಜುಲೈ 26ರಂದು ಉಲ್ಹಾಸ ನದಿ ಉಕ್ಕಿ ಕಲ್ಯಾಣದ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ಅಂಥ ದಿನ ಅಕ್ಕಿ ಡಬ್ಬಿ, ಸರ್ಟಿಫಿಕೇಟು ಉಳಿಸೋದು ಆ ಎತ್ತರವೇ.

ಪೋಟಮಾಳಾಕ್ಕೆ ಗೋಡೆ ಒಡೆದು ಗರ್ಡರ್ ಕೂರಿಸಬೇಕು. ಬಾಡಿಗೆಯವನಿಗೆ ಆ ಅಧಿಕಾರ ಎಲ್ಲಿದೆ? ಮಂಚವನ್ನು ಏರಿಸಬಹುದು. ಒಂದೂವರೆ ಅಡಿಯ ಕಾಲನ್ನು ಎರಡೂವರೆಗೆ ಏರಿಸಿದರೆ ಕೆಳಗಿನ ಜಾಗ 27 ಘನ ಅಡಿಯಿಂದ 45ಕ್ಕೆ ಏರುತ್ತದೆ. ಟ್ರಂಕು, ಬಕೆಟ್ಟು, ಪುಸ್ತಕ ಎಲ್ಲ ಒಳಗೆ. ಇದಕ್ಕೆ ಇಟ್ಟಿಗೆ ಪೇರಿಸುವವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಮಗ್ಗುಲು ತಿರುಗಿದಾಗಲೆಲ್ಲ ಸಡಿಲ ಇಟ್ಟಿಗೆ ಜಾರುತ್ತದೆ. ಕಾಲು ಕೂರುವಷ್ಟು ಗುಳಿ ಕೊರೆದ ದಪ್ಪ ಮರದ ತುಂಡು ವಾಸಿ.

ಕೆಳಗೆ ಮೇಜು ಹಾಕಿ ಓದಬೇಕು ಅಂದರೆ ಐದೂವರೆ ಅಡಿ ಬೇಕು. ಆಗ ವೆಲ್ಡರ್ ಹತ್ತಿರ ಹೋಗಿ ಆ್ಯಂಗಲ್ ಕಬ್ಬಿಣದ ಚೌಕಟ್ಟು ಮಾಡಿಸಬೇಕು. ಅದಕ್ಕೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಹಾಕಿಸಲೇಬೇಕು. ಚೌಕ ವಾಲುತ್ತದೆ, ತ್ರಿಕೋನ ವಾಲೋದಿಲ್ಲ. ಛಾವಣಿ 9 ಅಡಿಯಿದ್ದರೆ ಹಾಸಿಗೆ ಕಳೆದು ಮೇಲೆ ಮೂರಡಿ ಚಿಲ್ಲರೆ ಉಳಿಯುತ್ತೆ. ಕೂರಬಹುದು, ನಿಲ್ಲುವ ಹಾಗಿಲ್ಲ. ಎದ್ದು ಕೂತವನ ತಲೆ ಸೀಲಿಂಗ್ ಫ್ಯಾನಿನ ಮಟ್ಟಕ್ಕೇ ಬರುತ್ತದೆ. ಹಾಗಾಗಿ ಮಂಚ ಫ್ಯಾನಿನಿಂದ ದೂರ, ಮೂಲೆಗೆ. ಬಿಸಿಗಾಳಿ ಮೇಲೇರುವುದರಿಂದ ಮೇ ತಿಂಗಳಲ್ಲಿ ಅಲ್ಲಿ ಮಲಗಿದವನು ಬೇಯುತ್ತಾನೆ; ಗೋಡೆಗೆ ಸಣ್ಣದೊಂದು ಫ್ಯಾನು ಬೇಕೇ ಬೇಕು.

ಇಷ್ಟೆಲ್ಲ ಖರ್ಚು ನಮ್ಮದು. ಉಳಿದ ಜಾಗ ಯಾರದು? ಖಾಲಿ ನೆಲ ಕಂಡ ಮಾಲೀಕ ಅಲ್ಲಿ ಇನ್ನೊಂದು ಗಾದಿ ಹಾಕಿಸಿ ನಾಲ್ಕನೆಯವನನ್ನು ಕರೆತಂದರೆ ಮೂವರ ಬಾಡಿಗೆಯಂತೂ ಇಳಿಯೋದಿಲ್ಲ. ಮೇಜು ಹೋಯಿತು, ಓದೂ ಹೋಯಿತು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಅದನ್ನು ಮಾಡಿಸುವ ಹೊಣೆ ಮಾಲೀಕನದೇ. ವೆಲ್ಡರಿಗೆ ಮುಂಗಡ ಕೊಡುವ ಮುಂಚೆ ಆ ಕಾಗದದಲ್ಲಿ ‘ಈ ಕೋಣೆಯಲ್ಲಿ ಮೂವರೇ’ ಅಂತ ಒಂದು ಸಾಲು ಬರೆಸಿಕೊಳ್ಳಿ.