ಸೈಲೆನ್ಸರ್ ಬದಲಿಸಿದ ಮೇಲೆ ಉರಿಯುವ ಎಂಜಿನ್ ದೀಪ

ಮಳೆಗಾಲ ಮುಗಿದು ಕೊಯ್ಲಿಗೆ ಗಾಡಿ ಸಿದ್ಧಪಡಿಸುವ ಹೊತ್ತಿಗೆ ನಮ್ಮ ಮಲೆನಾಡಿನ ಬೆಳೆಗಾರರಿಗೆ ಎದುರಾಗುವ ರಿಪೇರಿಗಳಲ್ಲಿ ಸೈಲೆನ್ಸರಿನದೂ ಒಂದು. ತಿಂಗಳುಗಟ್ಟಲೆ ಕೆಸರು ನೀರಿನಲ್ಲಿ ಓಡಿ ಪೈಪು ತುಕ್ಕು ಹಿಡಿದಿರುತ್ತದೆ. ಇಲ್ಲವೆ ತೋಟದ ದಾರಿಯ ಕಲ್ಲಿಗೆ ಬಡಿದು ಬಿರುಕು ಬಿಟ್ಟಿರುತ್ತದೆ. ಕಂಪನಿಯ ಬಿಡಿಭಾಗದ ಬೆಲೆ ಕೇಳಿ ದಿಗಿಲಾಗಿ, ಪೇಟೆಯಲ್ಲಿ ಸಿಗುವ ಬೇರೆ ತಯಾರಿಕೆಯ ಪೈಪು ಹಾಕಿಸಿಕೊಂಡು ಬರುವವರು ಬಹಳ. ಹಾಕಿಸಿದ ಎರಡು ಮೂರು ದಿನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಅಲೆದಾಟ ಶುರು.

ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಬೆಲೆ ವಿಚಾರಿಸುವಷ್ಟೇ ಕಳವಳದಿಂದ ಈ ದೀಪದ ವಿಷಯ ಕೇಳುತ್ತಿರುವುದರಿಂದ, ನಾವು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಹೇಳಬೇಕಾದ ಮುಖ್ಯ ಮಾತು ಒಂದೇ: ದೀಪವನ್ನು ಆರಿಸಲು ಹೊರಡಬೇಡಿ, ಅದು ಏಕೆ ಹೊತ್ತಿತೆಂದು ಕಂಡುಕೊಳ್ಳಿ. ಅಡಿಕೆಯ ಸೋಗೆ ಹಳದಿಯಾದರೆ ಅದಕ್ಕೆ ಹಸಿರು ಬಣ್ಣ ಬಳಿಯುವವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ದೀಪ ಬಂದ ಬಗೆ

ಹಳೆಯ ಡೀಸೆಲ್ ಜೀಪುಗಳಲ್ಲಿ ಈ ದೀಪವಿರಲಿಲ್ಲ. ಆ ಎಂಜಿನ್ನುಗಳಿಗೆ ಸೈಲೆನ್ಸರ್ ಎಂದರೆ ಹೊಗೆ ಹೊರಹಾಕಿ ಸದ್ದು ತಗ್ಗಿಸುವ ತಗಡಿನ ಡಬ್ಬಿ, ಅಷ್ಟೆ. ಊರಿನ ವೆಲ್ಡಿಂಗ್ ಅಂಗಡಿಯವನು ಯಾವ ಪೈಪು ಬೆಸೆದು ಕೊಟ್ಟರೂ ಗಾಡಿ ಓಡುತ್ತಿತ್ತು.

ಎಂಜಿನ್ನಿಗೆ ಕಂಪ್ಯೂಟರ್ ಬಂದ ಮೇಲೆ ಆ ಕಾಲ ಹೋಯಿತು. ಗಾಡಿ ತನ್ನ ಹೊಗೆಯನ್ನು ತಾನೇ ಪರೀಕ್ಷಿಸಿಕೊಂಡು, ದೋಷವಿದ್ದರೆ ದೀಪ ಹೊತ್ತಿಸಿ, ಅದಕ್ಕೊಂದು ಸಂಖ್ಯೆಯನ್ನು ನೆನಪಿನಲ್ಲಿಡುವ ಏರ್ಪಾಡು ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಇದರ ಮೊದಲ ಹಂತ 2010ರಲ್ಲಿ, ಎರಡನೆಯ ಹಂತ 2013ರಲ್ಲಿ ಬಂದವು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದು ನಿಯಮ ಇನ್ನಷ್ಟು ಬಿಗಿಯಾಯಿತು. ಆದ್ದರಿಂದ ಮನೆಯಲ್ಲಿರುವ ಗಾಡಿ ಯಾವ ವರ್ಷದ್ದು, ಯಾವ ಸ್ಟೇಜಿನದು ಎಂಬುದನ್ನು ಮೊದಲು ಆರ್.ಸಿ.ಯಲ್ಲಿ ನೋಡಿಕೊಳ್ಳಬೇಕು.

ಪೈಪಿನೊಳಗೆ ಇರುವುದೇನು?

ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ನಿನ ಹತ್ತಿರವೇ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಜೇನುಹಲ್ಲೆಯಂತೆ ಸಣ್ಣ ಸಣ್ಣ ತೂತುಗಳಿರುವ ಅದರ ಒಡಲಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳುಲೇಪ ಇರುತ್ತದೆ. ವಿಷಾನಿಲಗಳು ಅದರ ಮೂಲಕ ಹಾಯುವಾಗ ಬಹುಮಟ್ಟಿಗೆ ನಿರಪಾಯವಾಗುತ್ತವೆ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಮುಂದಿನ ಸೆನ್ಸರ್ ಹೇಳಿದಂತೆ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬುದು ಅದರ ಲೆಕ್ಕ. ಹಿಂದಿನ ಸೆನ್ಸರ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಕಾವಲು ಕಾಯುತ್ತದೆ.

ಸ್ಟೇಜ್ 6ರ ಡೀಸೆಲ್ ಕಾರು, ಪಿಕಪ್ಪುಗಳಲ್ಲಿ ಇದರ ಜೊತೆಗೆ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಡಿ.ಪಿ.ಎಫ್. ಎನ್ನುವುದು ಇದನ್ನೇ. ಅದರ ಎರಡೂ ಕಡೆಯ ಒತ್ತಡವನ್ನು ಸಣ್ಣ ನಳಿಕೆಗಳ ಮೂಲಕ ಒಂದು ಸೆನ್ಸರ್ ಅಳೆಯುತ್ತಿರುತ್ತದೆ. ಮಸಿ ತುಂಬಿದಾಗ ಎಂಜಿನ್ ಅದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಬೂದಿ ಮಾಡುತ್ತದೆ. ಈ ಕೆಲಸಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ವೇಗದಲ್ಲಿ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಎಂದು ಮೈಲಿ ಅರ್ಧಮೈಲಿ ಓಡುವ ಗಾಡಿಯಲ್ಲಿ ಮಸಿ ಸುಡಲು ಅವಕಾಶವೇ ಸಿಗುವುದಿಲ್ಲ. ಇಂಥ ಗಾಡಿಯಲ್ಲಿ ದೀಪ ಹೊತ್ತಿದರೆ ಹೊಸ ಪೈಪಿನ ಮೇಲೆಯೇ ತಪ್ಪು ಹೊರಿಸಲಾಗದು. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವುದು ಲೇಸು.

ದೀಪ ಹೊತ್ತಲು ಕಾರಣಗಳು

ಮೊದಲನೆಯದು ಸೋರಿಕೆ. ಹೊಸ ಪೈಪಿನ ಫ್ಲೇಂಜ್ ಸರಿಯಾಗಿ ಕೂರದಿದ್ದರೆ, ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರೆ ಜೋಡಣೆಯಲ್ಲಿ ಸಂದು ಉಳಿಯುತ್ತದೆ. ಅಲ್ಲಿಂದ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊಗೆಯ ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಸೆನ್ಸರ್ ಅದನ್ನು ಕಂಡು ಗಾಳಿ ಹೆಚ್ಚಾಯಿತು ಎನ್ನುತ್ತದೆ. ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ದೀಪದ ಜೊತೆಗೆ ಪೆಟ್ರೋಲಿನ ಖರ್ಚೂ ಏರುತ್ತದೆ.

ಎರಡನೆಯದು ಕನ್ವರ್ಟರನ್ನೇ ತೆಗೆದುಹಾಕಿರುವುದು, ಅಥವಾ ಬೆಲೆಬಾಳುವ ಲೋಹ ತೀರ ಕಡಿಮೆಯಿರುವ ಅಗ್ಗದ ಕನ್ವರ್ಟರ್ ಕೂರಿಸಿರುವುದು. ಹಿಂದಿನ ಸೆನ್ಸರಿಗೆ ಇದು ಗೊತ್ತಾಗದೆ ಇರದು.

ಮೂರನೆಯದು ವಯರು. ಸೆನ್ಸರಿನ ವಯರು ಕಾದ ಪೈಪಿಗೆ ತಗುಲಿ ಕರಗಿರಬಹುದು, ಎಳೆದು ಸುತ್ತಿ ಟೇಪು ಹಾಕಿರಬಹುದು, ಅಥವಾ ಸಾಕೆಟ್ ಹಾಕುವುದೇ ಮರೆತಿರಬಹುದು.

ನಾಲ್ಕನೆಯದು ಡೀಸೆಲ್ ಗಾಡಿಗೆ ಸೇರಿದ್ದು: ಒತ್ತಡದ ನಳಿಕೆಗಳು ಅದಲು ಬದಲಾಗಿರುವುದು, ಒಡೆದಿರುವುದು ಅಥವಾ ಫಿಲ್ಟರನ್ನೇ ಕಿತ್ತು ಖಾಲಿ ಪೈಪು ಹಾಕಿರುವುದು.

ಕನ್ವರ್ಟರ್, ಫಿಲ್ಟರ್, ಸೆನ್ಸರುಗಳೆಲ್ಲ ದಾಟಿದ ಮೇಲಿನ ಹಿಂಭಾಗದ ಡಬ್ಬಿ ಮತ್ತು ಬಾಲದ ಪೈಪನ್ನಷ್ಟೇ ಬದಲಿಸಿದ್ದರೆ ಸಾಧಾರಣವಾಗಿ ದೀಪ ಹೊತ್ತಬಾರದು. ಹೊತ್ತಿದರೆ ಕಾರಣ ಬೇರೆ ಕಡೆ ಇರುವ ಸಂಭವವೇ ಹೆಚ್ಚು.

ಮಾಡಬೇಕಾದ ಕ್ರಮ

ದೀಪ ಒಂದೇ ಸಮನೆ ಉರಿಯುತ್ತಿದೆಯೋ, ಮಿಣುಕುತ್ತಿದೆಯೋ ನೋಡಿ. ಒಂದೇ ಸಮನೆ ಉರಿಯುತ್ತಿದ್ದು ಗಾಡಿ ಸರಾಗವಾಗಿ ಓಡುತ್ತಿದ್ದರೆ ಭಾರ ಹೇರದೆ ನಿಧಾನವಾಗಿ ವರ್ಕ್‌ಶಾಪ್ ಸೇರಬಹುದು. ಪೆಟ್ರೋಲ್ ಗಾಡಿಯಲ್ಲಿ ದೀಪ ಮಿಣುಕಿದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿ ಅದನ್ನು ಸುಟ್ಟುಹಾಕುತ್ತದೆ. ಅಂಥ ಗಾಡಿಯನ್ನು ನಿಲ್ಲಿಸಿಬಿಡುವುದೇ ಸರಿ.

ಆಮೇಲೆ ಸಂಖ್ಯೆ ಓದಿಸಿ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಸಂಖ್ಯೆ ಕಾಣುತ್ತದೆ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು. ಪಿ 0135 ಎಂದರೆ ಮುಂದಿನ ಸೆನ್ಸರಿನ ಹೀಟರಿನ ಸರ್ಕ್ಯೂಟಿನಲ್ಲಿ ದೋಷ. ಪಿ 0420 ಎಂದರೆ ಕನ್ವರ್ಟರಿನ ಕೆಲಸ ಸಾಲದು. ಪಿ 2463 ಎಂದರೆ ಡೀಸೆಲ್ ಫಿಲ್ಟರಿನಲ್ಲಿ ಮಸಿ ತುಂಬಿದೆ. ಸಂಖ್ಯೆಯನ್ನು ಅಳಿಸುವ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ.

ಸಂಖ್ಯೆ ಲಕ್ಷಣವನ್ನು ಹೇಳುತ್ತದೆ, ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ನಮ್ಮ ಸದಸ್ಯರೊಬ್ಬರ ಕಾರಿಗೆ ಎರಡು ಸಲ ಸೆನ್ಸರ್ ಬದಲಿಸಿದರು. ಕಡೆಗೆ ನೋಡಿದರೆ ಸೋರುತ್ತಿದ್ದುದು ಫ್ಲೇಂಜಿನ ಗ್ಯಾಸ್ಕೆಟ್. ಒಂದು ಸಣ್ಣ ಗ್ಯಾಸ್ಕೆಟ್ ನೋಡದೆ ಎರಡು ಸೆನ್ಸರಿನ ದುಡ್ಡು ಹೋಯಿತು.

ಸೋರಿಕೆಯನ್ನು ಮನೆಯಲ್ಲೇ ನೋಡಬಹುದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿ ಚಾಲೂ ಮಾಡಿದರೆ ಸಂದಿದ್ದಲ್ಲಿ ಗುಳ್ಳೆ ಏಳುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆಯಿದ್ದರೂ ಅದು ಸೋರಿಕೆಯ ಗುರುತು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇದನ್ನು ಎಂದೂ ಮಾಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ.

ಸೋರಿಕೆ ಮುಚ್ಚಲು ಮಾಮೂಲಿ ಸಿಲಿಕೋನ್ ಅಂಟು ಬಳಿಯಬೇಡಿ, ಅದರ ಆವಿ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆ. ಪೈಪನ್ನು ಗಾಡಿಯಲ್ಲಿಟ್ಟೇ ವೆಲ್ಡ್ ಮಾಡಬೇಕಾದರೆ ಮೊದಲು ಬ್ಯಾಟರಿಯ ವಯರು ಬಿಚ್ಚಿಸಿ. ಇಲ್ಲವಾದರೆ ಕಂಪ್ಯೂಟರಿಗೆ ಅಪಾಯ.

ಕಳ್ಳದಾರಿ ಬೇಡ

ಬ್ಯಾಟರಿ ಬಿಚ್ಚಿ ಹಾಕಿದರೆ ಹಲವು ಗಾಡಿಗಳಲ್ಲಿ ದೀಪ ಆರುತ್ತದೆ. ದೋಷ ಉಳಿದಿದ್ದರೆ ಕೆಲವು ಓಟಗಳ ನಂತರ ಅದು ಮತ್ತೆ ಹೊತ್ತುತ್ತದೆ. ಸೆನ್ಸರಿನ ಕೆಳಗೆ ಬುಷ್ ಇಟ್ಟು ಅದನ್ನು ಹೊಗೆಯಿಂದ ದೂರ ಸರಿಸುವುದು, ಕಂಪ್ಯೂಟರಿನ ಪ್ರೋಗ್ರಾಂ ತಿದ್ದಿ ದೀಪವೇ ಬರದಂತೆ ಮಾಡುವುದು, ಇವೂ ಪೇಟೆಯಲ್ಲಿ ನಡೆಯುತ್ತವೆ. ಹೀಗೆ ಬಾಯಿ ಕಟ್ಟಿದ ದೀಪ ನಾಳೆ ನಿಜವಾದ ಕೇಡು ಬಂದಾಗಲೂ ಸುಮ್ಮನಿರುತ್ತದೆ. ಚೀಲ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಎಳೆಯದೆ ನಿಂತರೆ ಉಳಿಸಿದ ದುಡ್ಡು ಅಲ್ಲೇ ತೀರುತ್ತದೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಬಹುದು. ಸದ್ದಿಗಾಗಿ ಪೈಪು ಬದಲಿಸುವ ಮನೆಯ ಹುಡುಗರಿಗೆ ಹಿರಿಯರು ಇದನ್ನು ತಿಳಿಸಬೇಕು.

ಬೆಂಕಿಯ ಮಾತು

ಕನ್ವರ್ಟರ್ ಕೆಲಸ ಮಾಡುವಾಗ ನೂರಾರು ಡಿಗ್ರಿ ಕಾಯುತ್ತದೆ. ಮಸಿ ಸುಡುವ ಡೀಸೆಲ್ ಫಿಲ್ಟರೂ ಹಾಗೆಯೇ. ಕಂಪನಿಯ ಪೈಪಿನ ಸುತ್ತ ಶಾಖ ತಡೆಯುವ ತಗಡು ಇರುತ್ತದೆ. ಬದಲಿ ಪೈಪು ಹಾಕುವಾಗ ಆ ತಗಡನ್ನು ಬಿಸಾಡುವುದುಂಟು. ಫೆಬ್ರವರಿ, ಮಾರ್ಚ್‌ನಲ್ಲಿ ಸಿಲ್ವರ್ ಓಕಿನ ತರಗೆಲೆ, ಒಣಗಿದ ಅಡಿಕೆ ಸೋಗೆಯ ಮೇಲೆ ಅಂಥ ಗಾಡಿ ನಿಂತರೆ ಏನಾದೀತೆಂದು ತೋಟದವರಿಗೆ ವಿವರಿಸಬೇಕಿಲ್ಲ. ತಗಡನ್ನು ಮರಳಿ ಹಾಕಿಸಿಕೊಳ್ಳಿ. ಗಾಡಿಯನ್ನು ಗುಡಿಸಿದ ನೆಲದ ಮೇಲೆಯೇ ನಿಲ್ಲಿಸಿ.

ಕೊನೆಗೊಂದು ವಿನಂತಿ. ಬದಲಿ ಪೈಪು ಹಾಕಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಸಣ್ಣ ಬೆಳೆಗಾರನ ಕೈಯ ದುಡ್ಡಿನ ಮಿತಿ ನಮಗೆ ಗೊತ್ತು. ಆದರೆ ಅದು ನಿಮ್ಮ ಗಾಡಿಯ ಸ್ಟೇಜಿಗೆ ಹೊಂದುತ್ತದೆಯೇ ಎಂದು ಕೇಳಿ, ಹೊಸ ಗ್ಯಾಸ್ಕೆಟ್ ಹಾಕಿಸಿ, ತೆಗೆದ ಹಳೆಯ ಭಾಗವನ್ನು ಮನೆಗೆ ತನ್ನಿ, ರಸೀದಿ ಪಡೆಯಿರಿ. ವಾರಂಟಿ ಇನ್ನೂ ಉಳಿದಿರುವ ಗಾಡಿಯಾದರೆ ಕಂಪನಿಯವರನ್ನು ಮೊದಲು ವಿಚಾರಿಸಿ. ಇಷ್ಟನ್ನು ಕೊಯ್ಲು ಶುರುವಾಗುವ ಮುಂಚೆ ಮಾಡಿಕೊಂಡರೆ, ಹಣ್ಣು ಕಣಕ್ಕೆ ಬರುವ ದಿನಗಳಲ್ಲಿ ಗಾಡಿ ವರ್ಕ್‌ಶಾಪಿನ ಮುಂದೆ ನಿಲ್ಲುವುದು ತಪ್ಪುತ್ತದೆ.